ಎಡಗಣ್ಣು ಕುಡಿದವನು

"ಅಯ್ಯೋ! ನನ್ನ ಎಡಗಣ್ಣು ಕುಡಿದುಬಿಟ್ರಲ್ರೀ!"

ಬೊಮಿ ಕಿರುಚಿದ ರಭಸಕ್ಕೆ ನಡುಮನೆಯಲ್ಲಿ ಸಾಲಾಗಿ ಮಲಗಿದ್ದವರೆಲ್ಲ ಎದ್ದು ಕೂತರು.

ಅವಳೆದುರು ನಿಂತವನು ಸೋಜು ಹೆಂಡದ ಪುಟ್ಟ ಲೋಟವನ್ನು ಮೆಲ್ಲಗೆ ತುಟಿಯಿಂದ ಕೆಳಗಿಳಿಸಿದ. ಗಂಟಲು ಸವರಿಕೊಂಡ. ಏನೋ ತೆಳ್ಳಗಿನದು ಅಂಟಿಕೊಂಡು ಜಾರಿದ ಹಾಗಿತ್ತು... ಈರುಳ್ಳಿಯ ಒಳಪೊರೆಯಂಥದ್ದು.

"ನಾನು... ನೀರು ಅಂದ್ಕೊಂಡು ಕುಡಿದೆ."

"ನೀರೇ! ಅದರೊಳಗೆ ನನ್ನ ಲೆನ್ಸ್ ಇತ್ತು!"

ಗುರ್ಯೊಂಗ್‌ಪೊ ಊರಿನ ಸಮುದ್ರದ ದಂಡೆಯ ಬಾಡಿಗೆ ಮನೆ ಅದು. ಬೊಮಿಯ ಗೆಳತಿ ಗ್ಯುರಿಗೆ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆ ಕೊಡುವವರು ಗೆಳೆಯರಿಗೆ ಊಟ ಹಾಕಲೇಬೇಕಲ್ಲ? ಗ್ಯುರಿಯೂ ಅವಳ ಗಂಡು ಜೇವಾನನೂ ಎರಡೂ ಕಡೆಯ ಗೆಳೆಯರನ್ನು ಇಲ್ಲಿಗೇ ಎಳೆದುಕೊಂಡು ಬಂದಿದ್ದರು. ಹಂದಿಮಾಂಸ ಸುಟ್ಟಿದ್ದೇ ಸುಟ್ಟಿದ್ದು, ಸೋಜು ಸುರಿದಿದ್ದೇ ಸುರಿದಿದ್ದು. ಮಲಗುವಾಗ ನೋಡಿದರೆ ಬೊಮಿಯ ಚೀಲದಲ್ಲಿ ಲೆನ್ಸ್ ಡಬ್ಬಿಯೇ ಇಲ್ಲ! ಎರಡು ಸೋಜು ಲೋಟ ತೊಳೆದು, ನಲ್ಲಿ ನೀರು ಹಿಡಿದು, ಎಡಗಣ್ಣಿನದು ಎಡಕ್ಕೆ, ಬಲಗಣ್ಣಿನದು ಬಲಕ್ಕೆ ಹಾಕಿ ಒಲೆಯ ಪಕ್ಕ ಇಟ್ಟು ಮಲಗಿದ್ದಳು. ಈ ದೇಶದಲ್ಲಿ ಪ್ರವಾಸಕ್ಕೆ ಹೋದ ಹುಡುಗಿಯರಲ್ಲಿ ಅರ್ಧ ಮಂದಿ ಇದನ್ನೇ ಮಾಡುತ್ತಾರೆ.

ಮುಂಜಾನೆ ಬಾಯಾರಿ ಎದ್ದವನ ಕೈಗೆ ಎಡಗಣ್ಣು ಸಿಕ್ಕಿತ್ತು.

ಅವನ ಮುಖ ನೋಡಿ ಬೈಯೋಣವೆಂದರೆ ಮುಖವೇ ಕಾಣದು. ಅವಳ ಕಣ್ಣಿನ ನಂಬರು ಮೈನಸ್ ಒಂಬತ್ತು. ಲೆನ್ಸ್ ಇಲ್ಲದಿದ್ದರೆ ಮನುಷ್ಯರೆಲ್ಲ ಬಣ್ಣದ ಕಲೆಗಳು. ಇವನು ಉದ್ದನೆಯ ಒಂದು ನೀಲಿ ಕಲೆ.

"ಯಾರಾದ್ರೂ ಲೆನ್ಸನ್ನ ನಲ್ಲಿ ನೀರಲ್ಲಿ ಇಡ್ತಾರೇನ್ರೀ?" ನೀಲಿ ಕಲೆಯೇ ಮೊದಲು ರೇಗಿತು!

"ಯಾರಾದ್ರೂ ಬೇರೆಯವರ ಲೋಟ ಎತ್ತಿ ಕುಡೀತಾರೇನ್ರೀ?"

"ನಲ್ಲಿ ನೀರಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತೆ. ಲೆನ್ಸಿಗೆ ಅಂಟಿಕೊಂಡು ಒಳಗೆ ಹೋದ್ರೆ ಕಣ್ಣನ್ನೇ ತಿನ್ನುತ್ತೆ. ಗೊತ್ತಾ?"

"ಆ ಹುಳ ಈಗ ನಿಮ್ಮ ಹೊಟ್ಟೇಲಿದೆ. ನೆಮ್ಮದಿಯಾಯ್ತು!"

"ಹೊಟ್ಟೆ ತಡ್ಕೊಳ್ಳುತ್ತೆ. ಕಣ್ಣು ತಡ್ಕೊಳ್ಳಲ್ಲ."

ಎಂದವನೇ ಇನ್ನೊಂದು ಲೋಟವನ್ನೂ ಎತ್ತಿ ತೊಟ್ಟಿಗೆ ಸುರಿದುಬಿಟ್ಟ.

"ಏಯ್! ಬಲಗಣ್ಣು!"

ಅಷ್ಟರಲ್ಲಿ ಹೊದಿಕೆ ಹೊದ್ದುಕೊಂಡೇ ಗ್ಯುರಿ ತೂರಾಡುತ್ತಾ ಬಂದಳು. "ಏನ್ ಗಲಾಟೆ ನಿಮ್ದು? ಬೊಮಿ, ಇವನು ಇನ್ಸು ಕಣೇ. ಜೇವಾನನ ಜತೆ ಸ್ಕೂಲಲ್ಲಿ ಓದಿದವನು. ಚಿಲ್ಸೊಂಗ್ ಮಾರುಕಟ್ಟೆ ಹತ್ರ ಕನ್ನಡಕ, ಲೆನ್ಸ್ ಅಂಗಡಿ ಇಟ್ಟಿದ್ದಾನೆ."

ಇಡೀ ಮನೆ ಬಿದ್ದು ಬಿದ್ದು ನಕ್ಕಿತು. ಲೆನ್ಸ್ ಮಾರುವವನೇ ಲೆನ್ಸ್ ಕುಡಿದಿದ್ದ!

*

ವಾಪಸ್ ತಮ್ಮೂರು ದೇಗುವಿಗೆ ಅವಳನ್ನು ಕರೆದುಕೊಂಡು ಹೋಗುವ ಹೊಣೆ ಇನ್ಸುವಿನ ತಲೆಗೇ ಬಿತ್ತು.

"ಕನ್ನಡಕ ತಂದಿಲ್ವಾ?" ಕಾರು ಹೊರಟ ಮೇಲೆ ಕೇಳಿದ.

"ಇಲ್ಲ."

ಸುಳ್ಳು! ಕನ್ನಡಕ ಚೀಲದ ತಳದಲ್ಲಿತ್ತು. ಹಾಕಿಕೊಂಡರೆ ಬಾಟಲಿಯ ತಳದಂಥ ಗಾಜಿನ ಹಿಂದೆ ಅವಳ ಕಣ್ಣು ಎಳ್ಳುಕಾಳಾಗುತ್ತಿತ್ತು. ಶಾಲೆಯಲ್ಲಿ ಅವಳಿಗೆ 'ಎಳ್ಳುಗಣ್ಣಿ' ಎಂದೇ ಹೆಸರು. ಅದಕ್ಕೇ ಅವಳು ಹಾಕುತ್ತಿದ್ದುದು ಕರಿಗುಡ್ಡೆಯನ್ನು ದೊಡ್ಡದಾಗಿ ತೋರಿಸುವ ಬಣ್ಣದ ಲೆನ್ಸು. ಶಾಲೆ ಮುಗಿದ ಮೇಲೆ ಅಪ್ಪ ಅಮ್ಮನನ್ನು ಬಿಟ್ಟರೆ ಅವಳನ್ನು ಕನ್ನಡಕದಲ್ಲಿ ಕಂಡವರು ಯಾರೂ ಇರಲಿಲ್ಲ.

"ಈಗ ಎಡಗಡೆ ಸ್ಕ್ವಿಡ್ ಮೀನು ಒಣಗಿಸಿದ್ದಾರೆ," ಅವನು ಹೇಳತೊಡಗಿದ. "ಬಟ್ಟೆ ಒಣಗಿಸಿದ ಹಾಗೆ, ದಾರದುದ್ದಕ್ಕೂ. ಒಬ್ಬ ಅಜ್ಜಿ ಕಾವಲು ಕೂತಿದ್ದಾಳೆ. ಬೆಕ್ಕು ಇವಳನ್ನೇ ನೋಡ್ತಿದೆ. ಇವಳು ಬೆಕ್ಕನ್ನೇ ನೋಡ್ತಿದ್ದಾಳೆ."

"ಯಾರು ಗೆಲ್ತಾರೆ?"

"ಬೆಕ್ಕು. ಅಜ್ಜಿ ತೂಕಡಿಸಿದಳು."

ಬೊಮಿಗೆ ನಗು ತಡೆಯಲಾಗಲಿಲ್ಲ. ದಾರಿಯುದ್ದಕ್ಕೂ ಅವನು ಕಂಡದ್ದನ್ನೆಲ್ಲ ಹೇಳುತ್ತಲೇ ಹೋದ. ಎಷ್ಟು ಚೆನ್ನಾಗಿ ನೋಡ್ತಾನೆ ಈ ಮನುಷ್ಯ... ನನಗೆ ಕಾಣದಿದ್ದರೂ ಪರವಾಗಿಲ್ಲ ಅನ್ನಿಸುವಷ್ಟು!

ಮನೆಯ ಮುಂದೆ ಇಳಿಯುವಾಗ ಅವನೆಂದ: "ಅಂಗಡಿಗೆ ಬನ್ನಿ. ಕುಡಿದ ಸಾಲ ತೀರಿಸ್ಬೇಕು."

*

ಬೊಮಿ ಹೋದಳು. ಅದೂ ಹೊಸ ಲಿಪ್‌ಸ್ಟಿಕ್ ಹಚ್ಚಿಕೊಂಡು ಹೋದಳು. ಕಣ್ಣಿಗೆ ಮನೆಯಲ್ಲಿದ್ದ ಇನ್ನೊಂದು ಜೊತೆ ಬಣ್ಣದ ಲೆನ್ಸು.

ಈಗ ಅವನ ಮುಖ ಕಂಡಿತು. ಅಗಲ ಹಣೆ, ನಗುವಾಗ ಒಂದು ಕಡೆಗೆ ವಾಲುವ ಬಾಯಿ. ಹಾಳಾದವನು, ನೋಡೋಕೆ ಚೆನ್ನಾಗೇ ಇದ್ದಾನೆ!

ಇನ್ಸು ಅವಳ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ, ಲೆನ್ಸ್ ತೆಗೆಸಿ ಕಣ್ಣೊಳಗೆ ನೋಡಿದ. ನೋಡುತ್ತಾ ನೋಡುತ್ತಾ ಅವನ ನಗು ಆರಿತು.

"ದಿನಕ್ಕೆ ಎಷ್ಟು ಹೊತ್ತು ಹಾಕ್ಕೋತೀರಿ?"

"ಕೆಲಸ ಇರೋ ಅಷ್ಟು ಹೊತ್ತು."

"ಕೆಲಸ ಎಲ್ಲಿ?"

"ಮದುವೆ ಮಂಟಪದಲ್ಲಿ. ಬಾಗಿಲಲ್ಲಿ ನಿಂತು ಜನರನ್ನ ಕೂರಿಸೋದು, ಮದುಮಗಳ ಗೌನಿನ ಅಂಚು ಸರಿ ಮಾಡೋದು. ಶನಿವಾರ ಬೆಳಕು ಹರಿಯೋಕೆ ಮುಂಚೆ ಹಾಕಿದ್ರೆ ಕತ್ತಲಾದ ಮೇಲೆ ತೆಗೀತೀನಿ. ಒಮ್ಮೊಮ್ಮೆ ಬಸ್ಸಲ್ಲಿ ಹಾಗೇ ನಿದ್ದೆ ಹೋಗ್ತೀನಿ."

"ಕನ್ನಡಕ ಹಾಕ್ಕೊಂಡು ನಿಲ್ಲೋಕಾಗಲ್ವಾ?"

"ಹೆಣ್ಣುಮಕ್ಕಳು ಕನ್ನಡಕ ಹಾಕೋ ಹಂಗಿಲ್ಲ. ಮಂಟಪದ ನಿಯಮ."

ಹೌದು, ನಿಯಮ! ಬಾಗಿಲ ಆ ಕಡೆ ಅವಳ ಜತೆಗೇ ನಿಲ್ಲುವ ಗಂಡಸಿನ ಮೂಗಿನ ಮೇಲೆ ದಪ್ಪ ಕಪ್ಪು ಫ್ರೇಮು ಕೂತಿರುತ್ತದೆ. ಅದಕ್ಕೆ ಯಾರೂ ಚಕಾರ ಎತ್ತುವುದಿಲ್ಲ. ಹೆಣ್ಣು ಹಾಕಿದರೆ ಮಾತ್ರ ಮದುವೆಯ ಕಳೆ ಹೋಗುತ್ತದಂತೆ! ಈ ನಿಯಮ ಮಾಡಿದವನ ಕಣ್ಣಿಗೆ ಒಂದು ಚಿಟಿಕೆ ಖಾರದ ಪುಡಿ ಉದುರಿಸಿ, ಅದರ ಮೇಲೆ ಲೆನ್ಸ್ ತೊಡಿಸಿ, ಇಡೀ ದಿನ ಹಲ್ಲು ಕಿರಿದು ನಿಲ್ಲು ಮಗನೇ ಅನ್ನಬೇಕು. ಆಗ ಗೊತ್ತಾಗುತ್ತದೆ ಕಳೆ ಅಂದರೇನು ಅಂತ.

"ನಿಮ್ಮ ಹಳೇ ಕನ್ನಡಕ ಕೊಡಿ. ನಂಬರು ನೋಡ್ಬೇಕು," ಇನ್ಸು ಕೈಚಾಚಿದ. ಬೊಮಿ ಚೀಲದ ತಳದಿಂದ ತೆಗೆದುಕೊಟ್ಟದ್ದನ್ನು ನೋಡಿ ವಾಪಸ್ ಕೊಟ್ಟು, "ಒಂದ್ಸಲ ಹಾಕ್ಕೊಳ್ಳಿ. ಸರಿಯಾಗಿ ಕೂರುತ್ತಾ ನೋಡ್ತೀನಿ," ಎಂದ.

ಬೇಡ... ಎಂದಿತು ಮನಸ್ಸು. ಆದರೂ ಹಾಕಿಕೊಂಡು ತಲೆ ಎತ್ತಿದಳು.

ಇನ್ಸು ನೋಡಿದ. ಒಂದು ಕ್ಷಣ ಅಷ್ಟೇ. ಆಮೇಲೆ ಸರಕ್ಕನೆ ಮುಖ ತಿರುಗಿಸಿ ಒಂದೂ ಮಾತಾಡದೆ ಒಳಕೋಣೆಗೆ ಹೋಗಿಬಿಟ್ಟ!

ಬೊಮಿ ಅವನು ಹೋದ ಬಾಗಿಲನ್ನೇ ನೋಡಿದಳು. ಗೊತ್ತಿತ್ತು. ನನಗೆ ಗೊತ್ತಿತ್ತು... ಎಲ್ಲರೂ ಇಷ್ಟೇ.

ಹೊರಗೆ ಬಂದಾಗ ಅವನ ದನಿ ಒಣಗಿತ್ತು. "ಲೆನ್ಸ್ ಕೊಡೋಕಾಗಲ್ಲ. ಬಿಳಿಗುಡ್ಡೆಯಿಂದ ಕರಿಗುಡ್ಡೆ ಕಡೆಗೆ ಕೆಂಪು ನರ ಹರೀತಿದೆ. ಗಾಳಿ ಸಾಲದೆ ಕಣ್ಣು ಉಸಿರು ಕಟ್ತಿದೆ. ಕಣ್ಣಿನ ಡಾಕ್ಟರಿಗೆ ತೋರಿಸಿ. ಅವರು ಹೂಂ ಅನ್ನೋವರೆಗೂ ಲೆನ್ಸ್ ಮುಟ್ಬೇಡಿ."

"ಮುಂದಿನ ಶನಿವಾರ ಗ್ಯುರಿ ಮದುವೆ. ನಮ್ಮ ಮಂಟಪದಲ್ಲೇ. ಲೆನ್ಸ್ ಇಲ್ಲದಿದ್ರೆ ನನ್ನನ್ನ ಬಾಗಿಲಿಗೇ ಸೇರಿಸಲ್ಲ."

"ಆಗಲ್ಲ."

"ಕುಡಿದ ಸಾಲ ತೀರಿಸೋ ರೀತಿನಾ ಇದು?"

ಅವನು ನೆಲ ನೋಡುತ್ತಾ ನಿಂತ. ಅವಳ ಮುಖ ನೋಡಲಿಲ್ಲ. ಬೊಮಿ ಲೆನ್ಸನ್ನು ಮತ್ತೆ ಕಣ್ಣಿಗೆ ತುರುಕಿಕೊಂಡು ಬಾಗಿಲು ಧಡಾರನೆ ಎಳೆದುಕೊಂಡು ಹೋದಳು. ಬೀದಿಗೆ ಬಂದ ಮೇಲೆ ಅತ್ತಳು.

*

ಡಾಕ್ಟರ ಹತ್ತಿರ ಹೋಗಲಿಲ್ಲ. ಹೋಗಿದ್ದರೆ ಡಾಕ್ಟರೂ ಬೇಡವೆನ್ನುತ್ತಿದ್ದರು!

ಆ ವಾರ ಒಂದು ಲೆನ್ಸ್ ಅಂಚಲ್ಲಿ ಹರಿಯಿತು. ಮದುವೆಯ ದಿನ ಬೆಳಗ್ಗೆ ಡ್ರಾಯರಿನ ಮೂಲೆಯಲ್ಲಿ ಹಳೆಯದೊಂದು ಜೊತೆ ಸಿಕ್ಕಿತು. ಡಬ್ಬಿಯಲ್ಲಿ ಹಳೇ ದ್ರಾವಣ ಅರ್ಧ ಆರಿಹೋಗಿತ್ತು. ಚೆಲ್ಲಿ ತೊಳೆಯಬೇಕಿತ್ತು. ಚೆಲ್ಲಲಿಲ್ಲ. ಅದರ ಮೇಲೇ ಸ್ವಲ್ಪ ಹೊಸದು ಸುರಿದಳು. ಹಾಕಿಕೊಂಡಾಗ ಎಡಗಣ್ಣು ಚುರ್ರೆಂದಿತು.

ಒಂದೇ ದಿನ ತಾನೇ... ಗ್ಯುರಿಗೋಸ್ಕರ ತಡ್ಕೊಳ್ಳೋಣ.

ಮಂಟಪದಲ್ಲಿ ಗ್ಯುರಿ ಬಿಳಿ ಗೌನಿನಲ್ಲಿ ದೇವತೆಯ ಹಾಗಿದ್ದಳು. ಬೊಮಿ ಕಪ್ಪು ಕೋಟು ತೊಟ್ಟು, ಮದುಮಕ್ಕಳು ನಡೆದು ಬರುವ ಹೂದಾರಿಯ ತುದಿಯಲ್ಲಿ, ಬಾಗಿಲ ಬಳಿ ನಿಂತಿದ್ದಳು. ಮೇಲಿನ ದೀಪಗಳು ಸೂಜಿಯಾಗಿ ಎಡಗಣ್ಣಿಗೆ ಚುಚ್ಚುತ್ತಿದ್ದವು. ನೀರು ಧಾರಾಕಾರ.

"ನೋಡೇ, ಗೆಳತಿ ಮದುವೆ ಅಂತ ಎಷ್ಟು ಅಳ್ತಿದ್ದಾಳೆ ಪಾಪ!" ಗ್ಯುರಿಯ ಚಿಕ್ಕಮ್ಮ ಪಕ್ಕದವಳಿಗೆ ಹೇಳಿ ತಾನೂ ಕರವಸ್ತ್ರ ತೆಗೆದಳು.

ವೇದಿಕೆಯ ಮೇಲೆ ಇನ್ಸು ಮೈಕು ಹಿಡಿದಿದ್ದ. ಗಂಡಿನ ಗೆಳೆಯ ಹಾಡುವ ಶುಭಹಾಡು ಅವನ ಪಾಲಿಗೆ ಬಂದಿತ್ತು. ಮೊದಲ ಚರಣ ಚೆನ್ನಾಗೇ ಹೋಯಿತು. ಎರಡನೆಯದರ ಮಧ್ಯೆ ಅವನ ಕಣ್ಣು ಬಾಗಿಲ ಕಡೆ ಹೋಯಿತು.

ಸಂತೋಷಕ್ಕೆ ಅಳುವವರು ಎರಡೂ ಕಣ್ಣಲ್ಲಿ ಅಳುತ್ತಾರೆ. ಇವಳು ಅಳುತ್ತಿದ್ದುದು ಎಡಗಣ್ಣಲ್ಲಿ ಮಾತ್ರ!

ಹಾಡು ನಿಂತಿತು. ಮೈಕನ್ನು ಜೇವಾನನ ಕೈಗೆ ತುರುಕಿದ. "ಉಳಿದದ್ದು ನೀನೇ ಹಾಡ್ಕೋ!"

"ಲೋ! ಇದು ನನ್ನ ಮದುವೆ ಕಣೋ!" ಎಂಬ ಜೇವಾನನ ಮಾತು ಮೈಕಿನಲ್ಲಿ ಇಡೀ ಮಂಟಪಕ್ಕೆ ಕೇಳಿಸಿತು. ಇನ್ಸು ಆಗಲೇ ಹೂದಾರಿಯಲ್ಲಿ ಓಡುತ್ತಿದ್ದ.

"ಏನ್ರೀ ಇದು..." ಬೊಮಿ ಕೊಸರಿದಳು.

"ನಡೀರಿ. ಮೊದಲು ಕೈ ತೊಳ್ಕೊಳ್ಳಿ."

ಹೊರಗಿನ ತೊಟ್ಟಿಯ ಹತ್ತಿರ ಅವಳ ಕೈಗೆ ಸೋಪು ಕೊಟ್ಟ. "ಚೆನ್ನಾಗಿ. ಬೆರಳ ಸಂದಿಗೂ. ಈಗ ಒರೆಸಿ, ಒದ್ದೆ ಕೈ ಬೇಡ... ಹಾಂ, ತೆಗೀರಿ. ಎಸೀಬೇಡಿ! ಡಬ್ಬಿ ಎಲ್ಲಿ? ಅದರಲ್ಲೇ ಹಾಕಿ, ಡಾಕ್ಟರಿಗೆ ಅದೂ ಬೇಕು."

ಒಳಗಿನಿಂದ ಜೇವಾನನ ಬೇಸುರಿನ ಹಾಡೂ ಜನರ ನಗುವೂ ಕೇಳುತ್ತಿತ್ತು. ಮಂಟಪದ ಮ್ಯಾನೇಜರ್ ಪ್ಯೊ ಮೇಡಂ ಓಡಿಬಂದಳು. "ಬೊಮಿ! ಮುಂದಿನ ಮದುವೆಗೆ ಜನ ಬಂದಾಯ್ತು! ಎಲ್ಲಿಗೆ ಹೊರಟೆ?"

"ಆಸ್ಪತ್ರೆಗೆ," ಇನ್ಸುವೇ ಉತ್ತರ ಕೊಟ್ಟ. "ಮದುವೆ ಗಂಟೆಗೊಂದು ಆಗುತ್ತೆ ಮೇಡಂ. ಕಣ್ಣು ಇರೋದು ಎರಡೇ."

*

"ಕರಿಗುಡ್ಡೆ ಮೇಲೆ ಹುಣ್ಣಾಗಿದೆ," ಡಾಕ್ಟರಮ್ಮ ಗದರಿದರು. "ಇನ್ನೆರಡು ದಿನ ಬಿಟ್ಟಿದ್ರೆ ಕಾಯಂ ಕಲೆ ಕೂತು ದೃಷ್ಟಿ ಹೋಗ್ತಿತ್ತು. ಇವತ್ತು ಗಂಟೆಗೊಮ್ಮೆ ಔಷಧಿ ಬಿಡು. ನಾಳೆ ಬಂದು ತೋರಿಸು. ನಾನು ಹೇಳೋವರೆಗೂ ಬರೀ ಕನ್ನಡಕ. ಆ ಹಳೇ ಲೆನ್ಸು, ಡಬ್ಬಿ ಇಲ್ಲೇ ಬಿಟ್ಟು ಹೋಗು."

ದೃಷ್ಟಿ ಹೋಗ್ತಿತ್ತು... ಎಳ್ಳುಕಾಳಿನಷ್ಟೇ ಆದರೂ ಕಾಣುವ ಕಣ್ಣು ಅದು!

ಹೊರಗಿನ ಬೆಂಚಿನಲ್ಲಿ ಇನ್ಸು ಕಾಯುತ್ತಿದ್ದ. ಅವಳಿಗೆ ಕಂಡದ್ದು ಬೂದು ಸೂಟಿನ ಒಂದು ಕಲೆ.

"ಕನ್ನಡಕ ಹಾಕ್ಕೊಳ್ಳಿ. ಎಡವಿ ಬೀಳ್ತೀರಿ."

"ನೀವು ಹೋದಮೇಲೆ ಹಾಕ್ಕೋತೀನಿ."

ಅವನು ಮೆಲ್ಲಗೆ ಕೇಳಿದ, "ನಾನು ಎದುರಿಗೆ ಇರೋದು ಅಷ್ಟು ಕಷ್ಟನಾ?"

ಕಷ್ಟವೇ. ಇನ್ನೊಂದು ಸಲ ನೀನು ಮುಖ ತಿರುಗಿಸಿದರೆ ನಾನು ತಡ್ಕೊಳ್ಳಲ್ಲ... ಎಂದಿತು ಮನಸ್ಸು. ಬಾಯಿ "ಹೂಂ" ಎಂದಷ್ಟೇ ಹೇಳಿತು.

ಹೆಜ್ಜೆ ಸಪ್ಪಳ ದೂರವಾಯಿತು. ಅವಳು ಕನ್ನಡಕ ಹಾಕಿಕೊಂಡಾಗ ಬೆಂಚು ಖಾಲಿ. ಯಾಕೋ ಆಸ್ಪತ್ರೆಯೇ ಖಾಲಿಯಾದ ಹಾಗಿತ್ತು.

*

"ಏನೇ ಮಾಡಿದೀರಿ ನೀವಿಬ್ರೂ?" ಜೇಜು ದ್ವೀಪದಿಂದ ಗ್ಯುರಿಯ ಫೋನು. "ನನ್ನ ಗಂಡ ಅರ್ಧ ಹಾಡು ಹಾಡಿದ್ದಕ್ಕೆ ಅವರಪ್ಪ ಇನ್ನೂ ಸಿಟ್ಟಲ್ಲಿದ್ದಾರೆ!"

"ಕ್ಷಮಿಸೇ..."

"ಅದಿರ್ಲಿ. ಆ ಇನ್ಸು ದಿನಾ ನನಗೆ ಫೋನ್ ಮಾಡ್ತಾನೆ. ಬೊಮಿ ಕಣ್ಣು ಹೇಗಿದೆ, ಔಷಧಿ ಬಿಡ್ತಿದ್ದಾಳಾ, ಬೆಳಕು ಚುಚ್ಚುತ್ತಾ... ಹನಿಮೂನಿಗೆ ಬಂದೋಳು ಕಣೇ ನಾನು! ನಿನ್ನನ್ನೇ ಕೇಳು ಅಂದ್ರೆ, 'ಅವರಿಗೆ ನಾನಂದ್ರೆ ಆಗಲ್ಲ' ಅಂತಾನೆ. ನಿನಗೆ ಅವನಂದ್ರೆ ಆಗಲ್ವಾ?"

ಫೋನು ಇಟ್ಟ ಮೇಲೆ ಬೊಮಿ ಕನ್ನಡಿಯ ಮುಂದೆ ಹೋಗಿ ನಿಂತಳು. ದಪ್ಪ ಗಾಜು. ಅದರ ಹಿಂದೆ ಎರಡು ಚಿಕ್ಕ ಕಣ್ಣು. ಎಡಗಣ್ಣಿನ ಕೆಂಪು ಇಳಿದಿತ್ತು.

ನಾನಂದ್ರೆ ಆಗದೇ ಇದ್ದವನು ದಿನಾ ಯಾಕೆ ಕೇಳ್ತಾನೆ?

ಹುಣ್ಣು ಪೂರ್ತಿ ವಾಸಿಯಾಗಿದೆ ಎಂದು ಡಾಕ್ಟರಮ್ಮ ಹೇಳಿದ ಮೇಲಿನ ಶನಿವಾರ ಅವಳು ಕನ್ನಡಕ ಹಾಕಿಕೊಂಡೇ ಮಂಟಪಕ್ಕೆ ಹೋದಳು.

ಪ್ಯೊ ಮೇಡಂ ಹುಬ್ಬು ಗಂಟಿಕ್ಕಿದಳು. "ಏನಿದು? ಹೋಗು, ಹಿಂದೆ ಊಟದ ಚೀಟಿ ಹರೀತಿರು. ಬಾಗಿಲಲ್ಲಿ ಬೇಡ."

"ಆ ಕಡೆ ನಿಂತಿರೋರೂ ಕನ್ನಡಕ ಹಾಕ್ಕೊಂಡಿದ್ದಾರಲ್ಲ ಮೇಡಂ. ಅವರನ್ನೂ ಚೀಟಿ ಹರಿಯೋಕೆ ಕಳಿಸ್ತೀರಾ?"

"ಅವನು ಗಂಡಸು."

"ಕಣ್ಣಿಗೆ ಅದು ಗೊತ್ತಾಗಲ್ಲ ಮೇಡಂ! ಒಂದು ಕಣ್ಣು ಹೋಗೋದ್ರಲ್ಲಿತ್ತು ನಂದು. ಹೋಗಿದ್ರೆ ಮಂಟಪ ತಂದ್ಕೊಡ್ತಿತ್ತಾ? ನಾನು ಇಲ್ಲೇ ನಿಲ್ತೀನಿ. ಬೇಡ ಅಂದ್ರೆ ಕೆಲಸದಿಂದ ತೆಗೀರಿ. ಆದ್ರೆ ಯಾಕೆ ತೆಗೆದ್ರಿ ಅಂತ ಎಲ್ಲರ ಮುಂದೆ ಜೋರಾಗಿ ಹೇಳಿ."

ಬೊಮಿಯ ಕಾಲು ಕದಲಲಿಲ್ಲ. ಕನ್ನಡಕದ ಗಂಡಸು ಮೆತ್ತಗೆ ತನ್ನ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, "ಹಾಗಾದ್ರೆ ನಂಗೂ ಬೇಡ. ಯಾರನ್ನ ಎಲ್ಲಿ ಕೂರಿಸ್ತೀನೋ ದೇವರೇ ಬಲ್ಲ," ಎಂದ.

ಪ್ಯೊ ಮೇಡಂ ಇಬ್ಬರನ್ನೂ ದುರುಗುಟ್ಟಿ ನೋಡಿದಳು. ನೋಡುತ್ತಲೇ ರೆಪ್ಪೆ ಪಟಪಟ ಬಡಿದಳು. ಅವಳದೂ ಲೆನ್ಸೇ. ಎಷ್ಟೋ ವರ್ಷದಿಂದ. ಕಣ್ಣಿಗೆ ಬಿಡುವ ಹನಿಯ ಶೀಶೆ ಯಾವಾಗಲೂ ಅವಳ ಜೇಬಿನಲ್ಲಿರುತ್ತಿತ್ತು.

"ನಿಂತ್ಕೋ," ಎಂದಳು ಕೊನೆಗೆ. "ಯಾರಾದ್ರೂ ಕೇಳಿದ್ರೆ ನಾನು ಹೇಳಿದೆ ಅನ್ಬೇಡ." ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ಅದು... ನಿನ್ನ ಆ ಹುಡುಗನ ಅಂಗಡಿ ಎಲ್ಲಿದೆ ಅಂದೆ?"

"ನನ್ನ ಹುಡುಗ ಅಲ್ಲ ಮೇಡಂ!"

"ಮದುವೆ ಹಾಡು ಬಿಟ್ಟು ಓಡಿಬಂದವನು ಮತ್ತಿನ್ಯಾರ ಹುಡುಗ?"

*

ಕೆಲಸ ಮುಗಿದದ್ದೇ ಬೊಮಿ ನೇರ ಚಿಲ್ಸೊಂಗ್ ಮಾರುಕಟ್ಟೆಗೆ ನಡೆದಳು. ಮೀನಿನ ಅಂಗಡಿ, ಹಂದಿ ತಲೆ, ಸಂಜೆ ಬಿಸಿಲು... ಎಲ್ಲ ಸ್ಪಷ್ಟ. ಯಾರೂ ಅವಳನ್ನು ತಿರುಗಿ ನೋಡಿ ನಗಲಿಲ್ಲ.

ಅಂಗಡಿಯ ಬಾಗಿಲಲ್ಲಿ ಅವಳನ್ನು ಕಂಡು ಬಿಳಿ ಕೋಟಿನ ಇನ್ಸು ಕೈಯಲ್ಲಿದ್ದ ಒರೆಸುವ ಬಟ್ಟೆ ಬೀಳಿಸಿಕೊಂಡ.

"ಒಂದು ಮಾತು ಕೇಳ್ಬೇಕು," ಅವಳು ಉಸಿರು ಬಿಡದೆ ಕೇಳಿದಳು. "ಆವತ್ತು ನಾನು ಕನ್ನಡಕ ಹಾಕ್ಕೊಂಡಾಗ ಯಾಕೆ ಮುಖ ತಿರುಗಿಸಿ ಒಳಗೆ ಹೋದ್ರಿ? ನಿಜ ಹೇಳಿ. ಸುಳ್ಳು ಹೇಳಿದ್ರೆ ಗೊತ್ತಾಗುತ್ತೆ. ಇವತ್ತು ನನಗೆಲ್ಲಾ ಕಾಣ್ತಿದೆ."

ಅವನ ಕಿವಿ ಕೆಂಪಾಯಿತು.

"ಕೈ ನಡುಗ್ತಿತ್ತು."

"ಏನು?"

"ಕಣ್ಣು ನೋಡೋನ ಕೈ ನಡುಗಬಾರದು. ನನಗೆ ನಡುಗ್ತಿತ್ತು. ಆ ಬಣ್ಣದ ಲೆನ್ಸಲ್ಲಿ ನೀವು ಪೋಸ್ಟರಿನ ಹುಡುಗಿ ಥರ ಇದ್ರಿ, ಯಾರನ್ನ ನೋಡ್ತಿದೀರಿ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಕನ್ನಡಕ ಹಾಕ್ಕೊಂಡು ತಲೆ ಎತ್ತಿದ್ರಲ್ಲ... ಮೊದಲ ಸಲ ನೀವು ನನ್ನನ್ನ ನೋಡಿದ್ರಿ. ಒಳಗೆ ಹೋಗಿ ತಣ್ಣೀರು ಕುಡಿದು ಬಂದೆ."

"ನೋಡಿ ಅಸಹ್ಯ ಆಯ್ತು ಅಂದ್ಕೊಂಡೆ ನಾನು! ಎಳ್ಳುಕಾಳಿನಷ್ಟು ಕಣ್ಣು..."

"ಎಳ್ಳುಕಾಳೇ ಇರಲಿ. ನನ್ನ ಕಡೆ ನೋಡಿದ್ರೆ ಸಾಕು."

ಬೊಮಿಗೆ ನಗುವೂ ಬಂತು, ಅಳುವೂ ಬಂತು. ಈ ಸಲ ಎರಡೂ ಕಣ್ಣಲ್ಲಿ.

"ದಡ್ಡ! ಅವತ್ತೇ ಹೇಳೋಕೇನಾಗಿತ್ತು?"

"ಅವತ್ತೇ ಹೇಳಿದ್ರೆ, ಲೆನ್ಸ್ ಕೊಡ್ದೆ ಇರೋಕೆ ನೆಪ ಅಂತಿದ್ದೆ ನೀನು."

'ನೀನು' ಎಂದದ್ದು ಇಬ್ಬರಿಗೂ ಒಟ್ಟಿಗೇ ಕೇಳಿಸಿತು.

"ಇನ್ನೊಂದ್ಸಲ ಅನ್ನು," ಎಂದಳು ಬೊಮಿ.

"ನೀನು."

ಅವಳು ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಅದನ್ನು ಗಾಜಿನ ಮೇಜಿನ ಮೇಲಿಟ್ಟಳು. ಅಂಗಡಿಯೆಲ್ಲ ಕರಗಿಹೋಯಿತು.

"ಈಗ ಏನು ಕಾಣುತ್ತೆ?" ಅವನ ದನಿ.

"ಏನೂ ಇಲ್ಲ. ಒಂದು ಬಿಳೀ ಕಲೆ ನಿಂತಿದೆ. ಮಾತಾಡುತ್ತೆ."

"ಎಷ್ಟು ಹತ್ತಿರ ಬಂದ್ರೆ ನಾನು ಕಾಣ್ತೀನಿ?"

"ಅಂಗಡಿ ಇಟ್ಟೋನು ನೀನು. ಮೈನಸ್ ಒಂಬತ್ತಕ್ಕೆ ಎಷ್ಟು ಅಂತ ಗೊತ್ತಿಲ್ವಾ?"

"ಗೊತ್ತು. ಅರ್ಧ ಗೇಣು. ಆದ್ರೂ ಪರೀಕ್ಷೆ ಮಾಡಿ ನೋಡೋದು ಒಳ್ಳೇದು."

ಬಿಳೀ ಕಲೆ ಒಂದು ಹೆಜ್ಜೆ ಮುಂದೆ ಬಂತು.

"ಈಗ?"

"ಇಲ್ಲ."

ಇನ್ನೊಂದು ಹೆಜ್ಜೆ. ಕಲೆಗೆ ಹಣೆ ಬಂತು, ಹುಬ್ಬು ಬಂತು.

"ಈಗ?"

"ಇಲ್ಲ."

ಅವನು ತಲೆ ಬಗ್ಗಿಸಿದ. ಅವನ ಉಸಿರು ಅವಳ ಕೆನ್ನೆಗೆ ತಾಗಿತು.

"ಈಗ ಕಾಣ್ಬೇಕಲ್ಲ, ಬೊಮಿ?"

ಕಾಣುತ್ತಿತ್ತು. ಅವನ ರೆಪ್ಪೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಕಣ್ಣಂಚಿನ ಸಣ್ಣ ಮಚ್ಚೆ, ಹೆದರಿಕೆ, ಆಸೆ, ಒಂದು ಕಡೆಗೆ ವಾಲಿದ ಆ ನಗು... ಎಲ್ಲವೂ.

"ಇಲ್ವಲ್ಲ," ಎಂದಳು ಬೊಮಿ. "ಇನ್ನೂ ಸ್ವಲ್ಪ ಹತ್ತಿರ ಬಾ."